ಕೊರ್ಲಿಮ್ ಕಾರ್ಖಾನೆಯ ಬಾಯಾರು

ಇಳಕಲ್ ಸೀರೆಯ ಕೆಳಗೆ ಕಪ್ಪು ಸೇಫ್ಟಿ ಬೂಟು ಹಾಕಿಕೊಂಡು ಓಡಾಡುವ ಹೆಂಗಸನ್ನು ನಾನು ಈ ಜನ್ಮದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ನೆರಿಗೆಯನ್ನು ಪಾದದಿಂದ ಒಂದು ಗೇಣು ಮೇಲಕ್ಕೆತ್ತಿ ಉಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು ಶೆಡ್ಡಿನೊಳಗೆ ಬರುತ್ತಿದ್ದರು. ಬೂಟುಗಳು ಗಂಡಸರ ಅಳತೆಯವು. ಹೆಂಗಸರ ಅಳತೆಯ ಸೇಫ್ಟಿ ಬೂಟು ಆಗ ಯಾರೂ ಮಾಡುತ್ತಿರಲಿಲ್ಲ. ಅವು ಕಳಚದ ಹಾಗೆ ತುದಿಗೆ ಹತ್ತಿ ತುಂಬಿಕೊಳ್ಳುತ್ತಿದ್ದರು. ಆ ಹತ್ತಿ ನನ್ನ ಪ್ರಥಮ ಚಿಕಿತ್ಸೆಯ ಕೋಣೆಯದು. ನಮ್ಮ ಪರಿಚಯ ಶುರುವಾದದ್ದೇ ಆ ಹತ್ತಿಯಿಂದ.

ಕಳೆದ ಬೇಸಿಗೆಯಲ್ಲಿ ಅವರು ಧಾರವಾಡದಲ್ಲಿ ತೀರಿಕೊಂಡರು. ನಾನು ಫೋಂಡಾದಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗಳದಲ್ಲಿ ಕುಳಿತಿದ್ದ ನೆರೆಮನೆಯಾಕೆ ನನ್ನನ್ನು ನೋಡಿ, "ಭಾಳ ಚಲೋ ಮನಷ್ಯಾಳ್ರಿ. ಗೋವಾದಾಗ ಯಾವುದೋ ಆಫೀಸಿನ್ಯಾಗ ಇದ್ರಂತ" ಎಂದರು. ಯಾವುದೋ ಆಫೀಸು! ದುಃಖದ ಮನೆಯಲ್ಲಿ ನನಗೆ ಸಿಟ್ಟು ಬಂತು. ಆಕೆಯದೇನೂ ತಪ್ಪಿಲ್ಲ. ಬಾಯಾರು ತಮ್ಮ ಬಗ್ಗೆ ಅಷ್ಟೇ ಹೇಳಿಕೊಂಡಿರಬೇಕು. ಉಳಿದದ್ದನ್ನು ನಾನಾದರೂ ಹೇಳದಿದ್ದರೆ ಇನ್ನು ಯಾರು ಹೇಳುತ್ತಾರೆ ಎಂದು ಇದನ್ನು ಬರೆಯಲು ಕುಳಿತಿದ್ದೇನೆ.

ಹೆಸರು ಬರೆಯುವುದಿಲ್ಲ. ಒಮ್ಮೆ ಕಂಪನಿಯ ಪತ್ರಿಕೆಯವರು ಅವರ ಫೋಟೋ ಕೇಳಿದಾಗ, "ಹೆಸರು ಹಾಕಿದ್ರ ಒಬ್ಬರ ಕೆಲಸ ಆಗತೈತಿ. ಅದು ಸುಳ್ಳು" ಎಂದು ಹೇಳಿ ಕಳಿಸಿದ್ದರು. ಕನ್ನಡದವರಿಗೆ ಅವರು ಬಾಯಾರು, ಗೋವೆಯವರಿಗೆ ಬಾಯ್. ಅಮ್ಮಾವ್ರು ಎಂಬ ಅರ್ಥ ಎರಡರಲ್ಲೂ ಒಂದೇ, ಗೌರವವೂ ಒಂದೇ. ಇಲ್ಲೂ ಅಷ್ಟೇ ಇರಲಿ.

ನಾನು ನರ್ಸು. ಬೆಳಗಾವಿಯಲ್ಲಿ ಕಲಿತು, ಫೋಂಡಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮನೆಗೆ ಸೊಸೆಯಾಗಿ ಬಂದವಳು. ಎಂಬತ್ತರ ದಶಕದ ನಡುವಿನಲ್ಲಿ ಕೊರ್ಲಿಮ್ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಫ್ಯಾನುಗಳಿಗೆ ಮೋಟಾರು ತಯಾರಾಗುತ್ತಿತ್ತು. ಬಾಯಾರು ಅಲ್ಲಿ ಆಗಲೇ ಪರ್ಸೊನೆಲ್ ಆಫೀಸರು, ಕಾರ್ಮಿಕರ ನೇಮಕ, ಯೋಗಕ್ಷೇಮ ನೋಡುವವರು. ಧಾರವಾಡದಲ್ಲಿ ಸಮಾಜಕಾರ್ಯ ಓದಿ, ಬ್ಯಾಂಕಿನಲ್ಲಿದ್ದ ಗಂಡನ ವರ್ಗಾವಣೆಯ ಜೊತೆ ಗೋವೆಗೆ ಬಂದು, ಗಂಡನಿಗೆ ಮತ್ತೆ ವರ್ಗವಾದಾಗ "ನೀವು ಹೋಗ್ರಿ, ನಾ ಇಲ್ಲೇ ಇರ್ತೀನಿ" ಎಂದು ಉಳಿದವರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಹತ್ತಿ ಕೇಳಲು ಬಂದ ದಿನ ಅವರು ನನ್ನ ಎದುರಿನ ಸ್ಟೂಲಿನ ಮೇಲೆ ಕುಳಿತು ಕೇಳಿದರು: "ಸಿಸ್ಟರ, ನಿಮ್ಮ ಕಡೆ ಯಾರ್‍ಯಾರು ಬರ್ತಾರ ನನಗ ಗೊತ್ತೈತಿ. ಯಾರು ಬರಂಗಿಲ್ಲ ಅದನ್ನ ಹೇಳ್ರಿ."

ನಾನು ತಬ್ಬಿಬ್ಬಾದೆ. ಬಾರದವರ ಬಗ್ಗೆ ನರ್ಸು ಯಾಕೆ ಯೋಚಿಸಬೇಕು? ಆದರೆ ಯೋಚಿಸಿದಾಗ ಹೊಳೆಯಿತು. ಕಸ ಗುಡಿಸುವ, ತಗಡು ಹೊರುವ ಗುತ್ತಿಗೆಯ ಹೆಂಗಸರು ಒಬ್ಬರೂ ಬಂದಿರಲಿಲ್ಲ. ಎಲ್ಲರೂ ನಮ್ಮ ಬಿಜಾಪುರ, ಬಾಗಲಕೋಟೆ ಕಡೆಯವರು. ತಗಡಿನ ಅಂಚಿಗೆ ಕೈ ಕೊಯ್ದುಕೊಳ್ಳದೆ ಆ ಕೆಲಸ ಮಾಡಲು ಸಾಧ್ಯವೇ ಇಲ್ಲ. ಬಾಯಾರು ಎದ್ದುಹೋಗಿ ಒಬ್ಬಾಕೆಯನ್ನು ಕರೆತಂದರು. ಅಂಗೈಗೆ ಅರಿಶಿನ ಮೆತ್ತಿ ಚಿಂದಿ ಸುತ್ತಿಕೊಂಡಿದ್ದಳು.

"ಇಲ್ಲಿಗೆ ಯಾಕ ಬಂದಿಲ್ಲವ್ವಾ?"

"ಇದು ಪರ್ಮನೆಂಟ್ ಮಂದೀದ ಅಲ್ಲರಿ? ನಮಗ್ಯಾರು ಒಳಗ ಬಿಡ್ತಾರ?"

"ಯಾರು ಹಂಗಂದ್ರು?"

ಆಕೆ ಯೋಚಿಸಿ ಹೇಳಿದಳು: "ಯಾರೂ ಅಂದಿಲ್ರಿ. ಯಾರೂ ಬಾ ಅಂತನೂ ಅಂದಿಲ್ರಿ."

ಬಾಯಾರು ನನ್ನ ಕಡೆ ತಿರುಗಿ, "ಕೇಳಿದ್ರಿಲ್ಲ? ಬಾಗಿಲಾ ತಗದಿಟ್ರ ಸಾಲೂದಿಲ್ಲ. ಬಾ ಅನ್ನಬೇಕು" ಎಂದರು. ಅಂದಿನಿಂದ ನಾನೇ ದಿನವೂ ಒಂದು ಸುತ್ತು ಹೊರಗೆ ಹೋಗಿ "ಬರ್ರಿ" ಎಂದು ಕರೆಯತೊಡಗಿದೆ.

ಅವರನ್ನು ದೇವತೆಯನ್ನಾಗಿ ಮಾಡುವ ಮನಸ್ಸು ನನಗಿಲ್ಲ. ಸಿಟ್ಟು ಮೂಗಿನ ತುದಿಯಲ್ಲಿತ್ತು. ಯಾರಾದರೂ ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದರೆ ವರ್ಷಗಟ್ಟಲೆ ಮರೆಯುತ್ತಿರಲಿಲ್ಲ. ಹೊಗಳುವುದಂತೂ ಅವರಿಗೆ ಬರುತ್ತಲೇ ಇರಲಿಲ್ಲ. ಚೆನ್ನಾಗಿ ಕೆಲಸ ಮಾಡಿದವರಿಗೆ "ಹೂಂ, ನಡೀರಿ" ಎನ್ನುತ್ತಿದ್ದರು, ಅಷ್ಟೇ. ಅವರ ಕೊಂಕಣಿ ಧಾರವಾಡದ ಕೊಂಕಣಿ. ಕರಾವಳಿಯ ಕೊಂಕಣಿಗೆ ಜೋಳದ ಹಿಟ್ಟು ಕಲಸಿದ ಹಾಗೆ ಇರುತ್ತಿತ್ತು. ಗೋವೆಯಲ್ಲಿ ನಮ್ಮ ಕಡೆಯವರನ್ನು ಸಸಾರ ಮಾಡಿ "ಘಾಟಿ" ಎನ್ನುತ್ತಾರೆ, ಘಟ್ಟದ ಮೇಲಿನವರು ಎಂದು. ಒಮ್ಮೆ ಸ್ಟೋರಿನವನೊಬ್ಬ ಅವರ ಬೆನ್ನ ಹಿಂದೆ ಹಾಗೆಂದ. ಬಾಯಾರು ನಿಂತು ತಿರುಗಿ, "ಹೌದಪ್ಪಾ, ಘಟ್ಟದ ಮ್ಯಾಲಿನಾಕಿ. ಅದಕ್ಕ ನನಗ ಸ್ವಲ್ಪ ದೂರಂದು ಕಾಣತೈತಿ" ಎಂದು ಅವನದೇ ಭಾಷೆಯಲ್ಲಿ ಹೇಳಿ ಮುಂದೆ ನಡೆದರು. ಆ ಕ್ಷಣ ನನಗೆ ಆದ ಹಿಗ್ಗು ಇವತ್ತಿಗೂ ಹಾಗೇ ಇದೆ.

ಇನ್ನು ಪ್ರೆಸ್ ಶಾಪಿನ ವಿಷಯ.

ಮೋಟಾರಿಗೆ ಬೇಕಾದ ತೆಳು ತಗಡಿನ ಬಿಲ್ಲೆಗಳನ್ನು ಕತ್ತರಿಸುವ ದೊಡ್ಡ ಯಂತ್ರಗಳು ಆ ಶೆಡ್ಡಿನಲ್ಲಿದ್ದವು. ಅಲ್ಲಿಯ ಸದ್ದು ಕಿವಿಯಿಂದಲ್ಲ, ಎದೆಗೂಡಿನಿಂದ ಒಳಗೆ ಹೋಗುತ್ತಿತ್ತು. ಅಲ್ಲಿ ಮಾತು ಇರಲಿಲ್ಲ. ಕೈಯೆತ್ತಿದರೆ ನಿಲ್ಲಿಸು, ಮುಷ್ಟಿ ತಿರುಗಿಸಿದರೆ ಎಣ್ಣೆ, ತುಟಿಗೆ ಹೆಬ್ಬೆರಳು ಹಚ್ಚಿದರೆ ಚಹಾ. ಅಲ್ಲಿ ಹೊಸಬರು ನಿಲ್ಲುತ್ತಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಬಿಟ್ಟುಹೋಗುತ್ತಿದ್ದರು.

ಕಾರ್ಖಾನೆಯ ಮ್ಯಾನೇಜರು ಹುಬ್ಬಳ್ಳಿಯ ಇಂಜಿನಿಯರು, ಕೆಟ್ಟವರಲ್ಲ. ಒಂದು ದಿನ ಸುರಕ್ಷತಾ ಸಮಿತಿಯ ಸಭೆಯಲ್ಲಿ ಬಹಳ ಉತ್ಸಾಹದಿಂದ ಹೇಳಿದರು: "ಬಾಯಾರ, ಅಂಗವಿಕಲರಿಗೆ ಕೆಲಸಾ ಕೊಡ್ರಿ ಅಂತ ಮುಂಬಯಿ ಹೆಡ್ ಆಫೀಸಿನವರು ಹೇಳ್ಯಾರ. ನನಗೊಂದು ವಿಚಾರ ಬಂದೈತಿ. ಕಿವಿ ಕೇಳದ ಹುಡುಗರನ್ನ ತಗೊಂಡು ಪ್ರೆಸ್ ಶಾಪಿಗೆ ಹಾಕೋಣು. ಅವರಿಗೆ ಗದ್ದಲದ ತ್ರಾಸೇ ಇಲ್ಲ. ಅವರಿಗೂ ಚಲೋ, ನಮಗೂ ಚಲೋ."

ಸುತ್ತ ಕುಳಿತವರೆಲ್ಲ ತಲೆದೂಗಿದರು. ಪುಣ್ಯವೂ ಬಂತು, ಸಮಸ್ಯೆಯೂ ತೀರಿತು. ಬಾಯಾರು ಮಾತ್ರ ಪೆನ್ನಿನ ಮುಚ್ಚಳವನ್ನು ಹಾಕುತ್ತ ತೆಗೆಯುತ್ತ ಕುಳಿತಿದ್ದರು.

"ಏನಂತೀರಿ?" ಎಂದರು ಮ್ಯಾನೇಜರು.

"ಸ್ವಲ್ಪ ದಿನಾ ಕೊಡ್ರಿ ಸಾಹೇಬ್ರ. ನಾ ನೋಡಿ ಹೇಳ್ತೀನಿ."

ಮರುದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಾವಿಬ್ಬರೂ ಊಟಕ್ಕೆ ಕುಳಿತಿದ್ದೆವು. ಅವರದು ರೊಟ್ಟಿ, ಪುಂಡಿಪಲ್ಲೆ. ನನ್ನದು ಕ್ಯಾಂಟೀನಿನ ಅನ್ನ, ಸಾರು. ಪ್ರೆಸ್ ಶಾಪಿನವರು ಯಾವಾಗಲೂ ಕಿಟಕಿಯ ಪಕ್ಕದ ಉದ್ದ ಮೇಜಿನಲ್ಲಿ ಒಟ್ಟಿಗೆ ಕೂರುತ್ತಿದ್ದರು. ಊಟ ಮುಗಿಸಿದ ಬಾಯಾರು ತಮ್ಮ ಸ್ಟೀಲಿನ ತಾಟು ಎತ್ತಿಕೊಂಡು ಆ ಮೇಜಿನ ಹಿಂದುಗಡೆಯಿಂದ ನಡೆದು, ಸರಿಯಾಗಿ ಅವರ ಬೆನ್ನ ಹಿಂದೆ ನಿಂತು, ತಾಟನ್ನು ಕೈಬಿಟ್ಟರು.

ಕಲ್ಲಿನ ನೆಲದ ಮೇಲೆ ಅದು ಬಿದ್ದ ಸದ್ದಿಗೆ ಇಡೀ ಕ್ಯಾಂಟೀನು ಬೆಚ್ಚಿಬಿತ್ತು. ಅಡುಗೆಯವನು ಒಳಗಿನಿಂದ ಓಡಿಬಂದ. ವೈಂಡಿಂಗ್ ವಿಭಾಗದ ಹುಡುಗಿಯೊಬ್ಬಳು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಕಿಟಕಿಯ ಪಕ್ಕದ ಮೇಜಿನಲ್ಲಿ ವಯಸ್ಸಾದವರು ಯಾರೂ ತಿರುಗಿ ನೋಡಲಿಲ್ಲ. ಮೀನಿನ ಮುಳ್ಳು ಬಿಡಿಸುತ್ತ ಊಟ ಮಾಡುತ್ತಲೇ ಇದ್ದರು.

ಬಾಯಾರು ಬಗ್ಗಿ ತಾಟು ಎತ್ತಿಕೊಂಡರು. ನನ್ನ ಬಳಿ ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು.

ಆ ವಾರವೇ ಪ್ರೆಸ್ ಶಾಪಿನ ಮೇಸ್ತ್ರಿ ಪಾಸ್ಕು ಬೆರಳಿಗೆ ಗಾಯ ಮಾಡಿಕೊಂಡು ನನ್ನ ಕೋಣೆಗೆ ಬಂದ. ಪಾಸ್ಕು ಹತ್ತಿರದ ಹಳ್ಳಿಯ ಕ್ರೈಸ್ತ, ಕಾರ್ಖಾನೆ ಶುರುವಾದಂದಿನಿಂದ ಅಲ್ಲೇ ಇದ್ದವನು. ನಮ್ಮವರ ಜೊತೆ ಕೆಲಸ ಮಾಡಿ ಮಾಡಿ ಕನ್ನಡ ಚೆನ್ನಾಗಿ ಬರುತ್ತಿತ್ತು. ನಾನು ಬಾಯಾರಿಗೆ ಹೇಳಿಕಳಿಸಿದೆ. ಅವರು ಬಂದು ಅವನ ಎದುರಿಗೆ ಕುಳಿತು, ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದರು: "ಪಾಸ್ಕು, ಎಷ್ಟು ವರ್ಷ ಆತು ಕೇಳಸದ?"

ಅವನು ಮೊದಲು ನಕ್ಕ. ಆಮೇಲೆ ಬಾಗಿಲಿನ ಕಡೆ ನೋಡಿದ. "ಬಾಯ್, ಯಾರಿಗೂ ಹೇಳಬ್ಯಾಡ್ರಿ. ಕಿವಿ ಹೋಗೈತಿ ಅಂದ್ರ ನಾಳಿ ಗೇಟಿನ ಹೊರಗ ಹಾಕ್ತಾರ."

"ಮನ್ಯಾಗ ಗೊತ್ತೈತೇನು?"

"ಇಲ್ಲ. ಕರೆದ್ರ ಓ ಅನ್ನಂಗಿಲ್ಲ, ನನ್ನ ಮ್ಯಾಲ ಸಿಟ್ಟು ಅಂತ ತಿಳಕೊಂಡಾಳ ಹೆಂಡತಿ. ಇಗರ್ಜಿಯೊಳಗ ಪಾದ್ರಿ ಏನ್ ಹೇಳ್ತಾನ ತಿಳಿಯಂಗಿಲ್ಲ. ಬಾಜೂದವ ಮಂಡಿ ಊರಿದ್ರ ನಾನೂ ಊರ್ತೀನಿ, ಅವ ಎದ್ರ ನಾನೂ ಏಳ್ತೀನಿ."

ಇದನ್ನು ಹೇಳುವಾಗ ಪಾಸ್ಕು ನಗುತ್ತಲೇ ಇದ್ದ. ಬಾಯಾರು ನಗಲಿಲ್ಲ. ನಾನು ಬ್ಯಾಂಡೇಜು ಕಟ್ಟಿ ಮುಗಿಸುವವರೆಗೂ ಅವನ ಇನ್ನೊಂದು ಕೈಯನ್ನು ಹಿಡಿದುಕೊಂಡು ಕುಳಿತಿದ್ದರು.

ಮುಂದಿನ ಸಭೆಯಲ್ಲಿ ಅವರು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಸಾಹೇಬ್ರ, ಪ್ರೆಸ್ ಶಾಪಿಗೆ ಕಿವಿ ಕೇಳದವರನ್ನ ಹಾಕೋಣು ಅಂದ್ರಿ. ನಾವು ಆಗಲೇ ಹಾಕೀವಿ. ಹೊರಗಿಂದ ತಂದಿಲ್ಲ. ಇಲ್ಲೇ ತಯಾರ ಮಾಡೀವಿ."

ಬಾಯಾರು ಅಲ್ಲಿಗೇ ನಿಲ್ಲಿಸಲಿಲ್ಲ. ಎಲ್ಲರ ಕಿವಿ ಪರೀಕ್ಷೆ ಆಗಬೇಕು, ಶೆಡ್ಡಿನ ಸದ್ದು ಇಳಿಯಬೇಕು, ಅಲ್ಲಿಯವರೆಗೆ ಹೊಸಬರನ್ನು, ಕಿವಿ ಕೇಳಲಿ ಕೇಳದಿರಲಿ, ಅಲ್ಲಿಗೆ ಕಳಿಸುವುದಿಲ್ಲ ಎಂದರು. ಮ್ಯಾನೇಜರ ಮುಖ ಕೆಂಪಾಯಿತು.

"ಪರೀಕ್ಷಾ ಮಾಡಿಸಿದ್ರ ನಾಳೆ ಎಲ್ಲಾರೂ ಕೋರ್ಟಿಗೆ ಹೋಗ್ತಾರ್ರಿ. ನೀವು ಕಂಪನಿ ಕಡೆಯವರೋ, ಅವರ ಕಡೆಯವರೋ?"

"ಕಂಪನಿ ಅಂದ್ರ ಯಾರ್ರಿ ಸಾಹೇಬ್ರ? ಪಾಸ್ಕು ಬಿಟ್ಟು ಕಂಪನಿ ಐತೇನು?"

ಮ್ಯಾನೇಜರು ಎದ್ದುಹೋದರು. ಮುಂಬಯಿಗೆ ಫೋನು ಮಾಡಿ ಬಾಯಾರನ್ನು ಬೇರೆಡೆ ಕಳಿಸಲು ಹೇಳಿದ್ದಾರೆ ಎಂಬ ಸುದ್ದಿ ಹಬ್ಬಿತು. ಬಾಯಾರು ತಮ್ಮ ಕಪಾಟು ಖಾಲಿ ಮಾಡುವುದನ್ನು ನಾನೇ ಕಂಡೆ. ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದೆ. "ಆಗತೈತಿ. ಹೆದರಿಕಿ ಬಂದಾಗ ಕಪಾಟು ಸ್ವಚ್ಛ ಮಾಡ್ತೀನಿ ನಾ" ಎಂದರು.

ತಮಾಷೆಯೆಂದರೆ, ಪರೀಕ್ಷೆ ಬೇಡ ಎಂದು ಕಾರ್ಮಿಕರೂ ಹಟ ಹಿಡಿದರು. ಕಿವಿ ಹೋಗಿದೆ ಎಂದು ಕಾಗದದ ಮೇಲೆ ಬಂದರೆ ಕೆಲಸ ಹೋಗುತ್ತದೆ ಎಂಬ ಭಯ ಅವರಿಗೂ ಇತ್ತು. ಎರಡೂ ಕಡೆಯಿಂದ ಬಾಯಾರು ಒಂಟಿ. ಮೊದಲು ಅವರು ಮ್ಯಾನೇಜರ ಕೋಣೆಗೆ ಹೋಗಿ, "ಜಗಳಾ ಬ್ಯಾಡ್ರಿ. ನನ್ನ ಜೋಡಿ ಬಂದು ಚಹಾದ ಟೈಮಿನ ತನಕ ಪ್ರೆಸ್ ಶಾಪಿನ್ಯಾಗ ನಿಲ್ರಿ. ಆಮ್ಯಾಲ ನೀವು ಹೇಳಿದಂಗ" ಎಂದರು. ಆ ಮನುಷ್ಯನ ದೊಡ್ಡತನ, ಬಂದರು. ಬಂದು ನಿಂತರು. ದಿನಕ್ಕೆ ಒಮ್ಮೆ ಸುತ್ತುಹಾಕಿ ಹೋಗುವುದು ಬೇರೆ, ನಿಲ್ಲುವುದು ಬೇರೆ.

ಮ್ಯಾನೇಜರು ತಮ್ಮ ಕೋಣೆಗೆ ಮರಳಿದಾಗ ಮನೆಯಿಂದ ಫೋನು ಬಂತಂತೆ. ರಿಸೀವರನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿ, "ಏನು? ಜೋರಾಗಿ ಹೇಳು" ಎಂದರಂತೆ. ಬಾಯಾರು ಎದುರಿಗೆ ಕುಳಿತಿದ್ದರು. ಅವರ ಮುಂದೆ ನೀರಿನ ಗ್ಲಾಸು ಸರಿಸಿದರಷ್ಟೇ.

ಮರುದಿನ ಊಟದ ಹೊತ್ತಿಗೆ ಕ್ಯಾಂಟೀನಿನ ಮುಂದೆ ಎಲ್ಲರನ್ನೂ ಸೇರಿಸಿ ಬಾಯಾರು ನಿಂತರು. "ಪರೀಕ್ಷಾದಾಗ ಏನ ಬಂದ್ರೂ ಯಾರದೂ ಕೆಲಸಾ ಹೋಗಂಗಿಲ್ಲ. ಹೋದ್ರ ಅವರಕ್ಕಿಂತ ಮೊದಲ ನಾ ಹೋಗ್ತೀನಿ."

"ಅದು ಬಾಯಿಮಾತು" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹೌದು, ಬಾಯಿಮಾತು. ಅದಕ್ಕ ಇನ್ನೊಂದು ಬಾಯಿ ಕರಕೊಂಡು ಬಂದೀನಿ" ಎಂದು ಬದಿಗೆ ಸರಿದರು. ಮ್ಯಾನೇಜರು ಮುಂದೆ ಬಂದು ಅದೇ ಮಾತನ್ನು ತಮ್ಮ ಬಾಯಿಂದ ಹೇಳಿದರು. ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ. ಎದುರಿಗೇ ನಿಂತು ತುಟಿ ಓದಿದ ಪಾಸ್ಕು ಉಳಿದ ಕೇಳಿಸದವರಿಗೆ ಪ್ರೆಸ್ ಶಾಪಿನ ಕೈಸನ್ನೆಯಲ್ಲಿ ಹೇಳಿದ.

ಪಣಜಿಯಿಂದ ಡಾಕ್ಟರು ಯಂತ್ರ ತಂದು ಗೆಸ್ಟ್ ರೂಮಿನಲ್ಲಿ ಪರೀಕ್ಷೆ ಮಾಡಿದರು. ಹಳಬರಲ್ಲಿ ಬಹಳ ಜನರ ಕಿವಿ ಆಗಲೇ ಹೋಗಿತ್ತು. ಅದನ್ನು ಮರಳಿಸಲು ಯಾರಿಂದಲೂ ಆಗಲಿಲ್ಲ. ಆದರೆ ಯಂತ್ರಗಳ ಅಡಿಗೆ ರಬ್ಬರಿನ ಹಾಸು ಬಂತು. ನಡುವೆ ಗೋಡೆ ಎದ್ದಿತು. ಕಿವಿಗೆ ಹಾಕಿಕೊಳ್ಳುವ ಬೂಚುಗಳು ಬಂದವು. ಒಬ್ಬನೇ ಮನುಷ್ಯ ಇಡೀ ದಿನ ಅಲ್ಲಿ ನಿಲ್ಲುವುದು ತಪ್ಪಿತು. ಪಾಸ್ಕು ಅದೇ ದರ್ಜೆಯಲ್ಲಿ ಟೂಲ್ ರೂಮಿಗೆ ಬಂದು ಹೊಸಬರಿಗೆ ಕೆಲಸ ಕಲಿಸತೊಡಗಿದ. ಯಾರೂ ಗೇಟಿನ ಹೊರಗೆ ಹೋಗಲಿಲ್ಲ. ಬಾಯಾರೂ ಹೋಗಲಿಲ್ಲ.

ಅದಾದ ಮೇಲೆ ಬಾಯಾರು, "ಈಗ ಕಿವಿ ಕೇಳದವರಿಗೆ ಕೆಲಸಾ ಕೊಡೋಣು. ಖರೇ ಕೆಲಸಾ" ಎಂದರು. ಮೋಟಾರಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ವಿಭಾಗ ನಮ್ಮಲ್ಲಿ ಎಲ್ಲರೂ ಬಯಸುವ ಜಾಗ. ತಂಪು, ಶಾಂತ, ಕುಳಿತು ಮಾಡುವ ನಾಜೂಕಿನ ಕೆಲಸ. ಅಲ್ಲಿಗೇ ತೆಗೆದುಕೊಳ್ಳಬೇಕೆಂದರು.

ಹಾಗೆ ಬಂದವಳು ಕಸ್ತೂರಿ. ಹುಟ್ಟಿನಿಂದ ಕಿವಿ ಕೇಳದ ಹುಡುಗಿ. ಅಪ್ಪ ವಾಸ್ಕೋ ಬಂದರಿನಲ್ಲಿ ಹಮಾಲಿ, ಅವ್ವ ಕಟ್ಟಡದ ಕೆಲಸಕ್ಕೆ ಹೋಗುವಾಕೆ. ಮುದ್ದೇಬಿಹಾಳದ ಕಡೆಯಿಂದ ಬಂದು ಬಾಯ್ನಾದಲ್ಲಿ ತಗಡಿನ ಮನೆ ಹಾಕಿಕೊಂಡಿದ್ದರು. ಬಾಯ್ನಾ ಎಂದೊಡನೆ ಆಗ ಗೋವೆಯಲ್ಲಿ ಜನ ಕಣ್ಣು ಮಿಟುಕಿಸುತ್ತಿದ್ದರು. ಅಲ್ಲಿಯ ಕೆಲವು ಓಣಿಗಳಿಗೆ ಕೆಟ್ಟ ಹೆಸರು. ನಮ್ಮ ಟೈಮ್ ಕೀಪರು ಬೇರೆಯವರ ಮುಂದೆ, "ಬಾಯ್ನಾದ ಹುಡುಗಿ ಬೇಕೇನ್ರಿ ನಮಗ?" ಎಂದು ನಕ್ಕ.

ಬಾಯಾರು ಗಂಭೀರವಾಗಿಯೇ ಹೇಳಿದರು: "ಬಾಯ್ನಾದಾಗ ಸಮುದ್ರ ಐತಿ, ಮೀನುಗಾರರು ಅದಾರ, ಬಂದರದ ಹಮಾಲರು ಅದಾರ. ನನಗ ಗೊತ್ತಿರೂದು ಇಷ್ಟ. ನಿಮಗ ಇನ್ನೇನರೆ ಗೊತ್ತಿದ್ರ, ನೀವು ಯಾಕ ಹೋಗಿದ್ರಿ ಅದನ್ನೂ ಹೇಳ್ರಿ."

ಟೈಮ್ ಕೀಪರು ಹಾಜರಿ ಪುಸ್ತಕ ತೆರೆದು ಕುಳಿತ.

ಸಂದರ್ಶನದ ದಿನ ಕಸ್ತೂರಿಯ ಅವ್ವ ಅವಳನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು, "ಯವ್ವಾ, ಇಕಿಗೆ ಕಿವಿ ಇಲ್ಲ, ಮಾತು ಇಲ್ಲ. ಏನ್ ಕೇಳೂದಿದ್ರೂ ನನ್ನ ಕೇಳ್ರಿ" ಎಂದಳು.

"ಕೆಲಸಾ ಮಾಡಾಕಿ ನೀನೋ, ಅಕಿನೋ?"

"ಅಕೀರಿ."

"ಮತ್ತ ಅಕಿನ್ನ ಕೇಳ್ತೀನಿ. ಹೆಂಗ ಕೇಳಬೇಕು ಅದನ್ನ ನನಗ ಕಲಸು."

ಆ ಹೆಂಗಸು ತಾನೂ ಮಗಳೂ ಮನೆಯಲ್ಲಿ ತಾವೇ ಕಟ್ಟಿಕೊಂಡಿದ್ದ ಸನ್ನೆಗಳನ್ನು ಒಂದೊಂದಾಗಿ ತೋರಿಸಿದಳು. ಕೆಲಸ, ನಾಳೆ, ದಣಿವು, ಸಿಟ್ಟು, ಬೇಕು, ಬೇಡ. ಬಾಯಾರು ಅವನ್ನು ಶಾಲೆಯ ಹುಡುಗಿಯ ಹಾಗೆ ಮಾಡಿ ನೋಡಿ, ತಪ್ಪಿ, ಮತ್ತೆ ಮಾಡಿದರು. ಅವರ ತಪ್ಪಿಗೆ ಕಸ್ತೂರಿ ನಕ್ಕಳು. ಅದುವರೆಗೂ ನೆಲ ನೋಡುತ್ತಿದ್ದವಳು ಅವ್ವನ ಬೆನ್ನ ಹಿಂದಿನಿಂದ ಈಚೆ ಬಂದು ನಿಂತಳು. ಎಲ್ಲರಿಗೂ ಕೊಡುವ ತಂತಿ ಸುತ್ತುವ ಪರೀಕ್ಷೆಯನ್ನೇ ಅವಳಿಗೂ ಕೊಟ್ಟರು. ಎಲ್ಲರ ಹಾಗೆ ಪಾಸಾದಳು.

ತಂತಿ ಹರಿದರೆ ಯಂತ್ರದಲ್ಲಿ ಗಂಟೆ ಬಾರಿಸುತ್ತಿತ್ತು. ಕಸ್ತೂರಿಗಾಗಿ ಗಂಟೆಯ ಜೊತೆ ಒಂದು ಕೆಂಪು ದೀಪ ಹಾಕಿಸಿದರು. ಕೆಲವೇ ದಿನಗಳಲ್ಲಿ ಉಳಿದ ಹೆಂಗಸರೂ ತಮ್ಮ ಯಂತ್ರಕ್ಕೆ ದೀಪ ಕೇಳಿದರು. ಯಾರ ಗಂಟೆ ಬಾರಿಸಿತು ಎಂದು ಹುಡುಕುವ ಕಷ್ಟ ತಪ್ಪುತ್ತಿತ್ತು. ಬೆಂಕಿಯ ಸೈರನ್ನಿಗೂ ದೀಪ ಕಟ್ಟಿದಾಗ ಎಲೆಕ್ಟ್ರಿಶಿಯನ್ನನಿಗೆ ಹೊಳೆಯಿತು, ಪ್ರೆಸ್ ಶಾಪಿನಲ್ಲಿ ಆ ಸೈರನ್ನು ಇಷ್ಟು ವರ್ಷ ಯಾರಿಗೂ ಕೇಳಿಸಿಯೇ ಇರಲಾರದು ಎಂದು. ಅಲ್ಲಿಗೂ ಒಂದು ದೀಪ ಹೋಯಿತು.

ವೈಂಡಿಂಗ್ ವಿಭಾಗದ ಹೆಂಗಸರು ಕಸ್ತೂರಿಯ ಸನ್ನೆ ಕಲಿತದ್ದು ಯಾರ ಆಜ್ಞೆಯಿಂದಲೂ ಅಲ್ಲ, ಹರಟೆಗಾಗಿ. ಸೂಪರ್‌ವೈಸರು ಬಂದರೆ ಎಲ್ಲ ನಿಶ್ಶಬ್ದ, ಆದರೂ ಎಲ್ಲರ ಮುಖದಲ್ಲಿ ನಗು. ಅವನು ತನ್ನ ಅಂಗಿಯ ಗುಂಡಿ ಸರಿಯಿದೆಯೇ ಎಂದು ನೋಡಿಕೊಳ್ಳುತ್ತಿದ್ದ. ಪಾಸ್ಕುವೂ ಊಟದ ಹೊತ್ತಿಗೆ ಬಂದು ಅವಳಿಂದ ಕಲಿತ, ಮನೆಗೆ ಹೋಗಿ ಹೆಂಡತಿಗೆ ಕಲಿಸಿದ. ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ ಗಂಡ ಹೆಂಡತಿ ಇಬ್ಬರೂ ಕೈಯಲ್ಲೇ ಜಗಳವಾಡುತ್ತಿದ್ದುದನ್ನು ಬಾಯಾರು ನನಗೆ ಮೊಣಕೈ ತಿವಿದು ತೋರಿಸಿದರು.

ಎಲ್ಲವನ್ನೂ ಅವರು ಗೆದ್ದರು ಎಂದಲ್ಲ. ಗುತ್ತಿಗೆಯ ಹೆಂಗಸರನ್ನು ಕಾಯಂ ಮಾಡಿಸಲು ಕೊನೆಯವರೆಗೂ ಬಡಿದಾಡಿದರು, ಆಗಲಿಲ್ಲ. ಯಾರಾದರೂ ತಮ್ಮನ್ನು ಹೊಗಳಲು ಬಂದರೆ, "ಅದೊಂದು ಆಗಲಿಲ್ಲ ನೋಡ್ರಿ" ಎಂದು ಆ ಮಾತನ್ನೇ ಮುಂದಿಡುತ್ತಿದ್ದರು.

ತೊಂಬತ್ತರ ದಶಕ ಬಂತು. ಮುಂಬಯಿಯಿಂದ ಹೊಸ ಬೋರ್ಡು ಬಂತು. ಪರ್ಸೊನೆಲ್ ಹೋಗಿ ಹ್ಯೂಮನ್ ರಿಸೋರ್ಸಸ್ ಆಯಿತು. ಬೋರ್ಡು ಹೊಡೆಯುವವನು ಏಣಿಯ ಮೇಲಿದ್ದಾಗ ಬಾಯಾರು ಕೆಳಗೆ ನಿಂತು ನೋಡುತ್ತ ನನಗೆ ಹೇಳಿದರು: "ಮೊದಲು ಕೂಲಿ ಅಂದ್ರು. ಆಮ್ಯಾಲ ಕಾರ್ಮಿಕ ಅಂದ್ರು. ಈಗ ಸಂಪನ್ಮೂಲ ಅಂತ. ಗೋವಾದಾಗ ಸಂಪನ್ಮೂಲ ಅಂದ್ರ ಅದಿರು. ಅಗದು, ಹಡಗಿನ್ಯಾಗ ತುಂಬಿ, ಕಳಿಸಿಬಿಡ್ತಾರ. ನಾವು ಹುಷಾರಾಗಿರಬೇಕು ಸಿಸ್ಟರ." ಆದರೂ ಬೋರ್ಡು ಸೊಟ್ಟಗಾಗಿದೆ ಎಂದು ಸರಿಮಾಡಿಸಿದರು. ಸೊಟ್ಟಗಿದ್ದದ್ದು ಯಾವುದೂ ಅವರಿಗೆ ಸೇರುತ್ತಿರಲಿಲ್ಲ.

ಅವರ ಕೊನೆಯ ದೊಡ್ಡ ಜಗಳ ಕಸ್ತೂರಿಯ ಬಡ್ತಿಯದು. ವೈಂಡಿಂಗ್ ವಿಭಾಗದ ಮುಖ್ಯಸ್ಥೆಯಾಗಿದ್ದ ಹೆಂಗಸು ಮದುವೆಯಾಗಿ ಕಾಣಕೋಣಕ್ಕೆ ಹೋದಳು. ಸರದಿಯಂತೆ ಆ ಜಾಗ ಕಸ್ತೂರಿಗೆ ಬರಬೇಕು. ಸೂಪರ್‌ವೈಸರು ತಕರಾರು ತೆಗೆದ: "ಅಕಿ ಆರ್ಡರ್ ಹೆಂಗ ಕೊಡತಾಳ್ರಿ?"

"ನೀವು ಇಷ್ಟು ವರ್ಷ ಒದರಿ ಒದರಿ ಕೊಟ್ಟ ಆರ್ಡರ್ ಯಾರು ಕೇಳ್ಯಾರ?" ಎಂದರು ಬಾಯಾರು.

ಮ್ಯಾನೇಜರು ನಡುವೆ ಬಂದು, "ಮೊದಲು ಒಂದು ಮಳಿಗಾಲ ನೋಡೋಣ್ರಿ. ಟ್ರಯಲ್ ಅಂತ ಇಡೋಣು" ಎಂದರು.

"ಇದಕ್ಕೂ ಮೊದಲಿನಾಕಿಗೆ ಟ್ರಯಲ್ ಇತ್ತೇನ್ರಿ?"

"ಇರಲಿಲ್ಲ."

"ಹಂಗಾರ ಇಕಿಗೆ ಯಾಕ? ಸಾಹೇಬ್ರ, ಬಾಗಿಲಾಗ ಕರಕೊಂಡ್ವಿ ಅಂತ ನಾವು ಹಿಗ್ಗಾಕತ್ತೀವಿ. ಪಾವಟಿಗಿ ಹತ್ತಾಕ ಬಿಡಲಿಲ್ಲಂದ್ರ ಒಳಗ ಕರದು ಏನ್ ಬಂತು? ಬಾಗಿಲಾಗ ನಿಂದ್ರಸಾಕ?"

ಮ್ಯಾನೇಜರು ಸಹಿ ಹಾಕಿದರು. ಕಸ್ತೂರಿ ಮುಖ್ಯಸ್ಥೆಯಾದಳು. ಸುದ್ದಿ ತಿಳಿದು ಅವಳ ಅವ್ವ ಬಾಯ್ನಾದಿಂದ ಬಂದು ಬಾಯಾರ ಕಾಲಿಗೆ ಬೀಳಲು ಹೋದಳು. "ನನ್ನ ಕಾಲಿಗೆ ಯಾಕ? ಅಕಿ ದುಡಿದಾಳ, ಏರ್‍ಯಾಳ" ಎಂದು ಅವಳನ್ನು ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿದರು. ಆಕೆ ಹೋದ ಮೇಲೆ ಬಹಳ ಹೊತ್ತು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅದರ ಮರುವರ್ಷ ಬಾಯಾರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಭಾಷಣಗಳಾದವು. ಮುಂಬಯಿಯ ಸಾಹೇಬರು ಅವರನ್ನು ಬಹಳ ಹೊಗಳಿದರು. ಬಾಯಾರು "ಹೂಂ, ನಡೀರಿ" ಎನ್ನುವ ಮುಖ ಮಾಡಿಕೊಂಡು ಕುಳಿತಿದ್ದರು. ಕೊರಳಿಗೆ ಚೆಂಡುಹೂವಿನ ದೊಡ್ಡ ಮಾಲೆ ಬಿತ್ತು. ಆ ಮಾಲೆಯಲ್ಲೇ ಎಲ್ಲ ವಿಭಾಗಗಳಿಗೂ ಹೋಗಿ ಹೇಳಿ ಬರುತ್ತೇನೆಂದು ಹೊರಟರು. ಮ್ಯಾನೇಜರು, ಮುಂಬಯಿಯವರು, ನಾನು ಹಿಂದೆ ನಡೆದೆವು.

ವೈಂಡಿಂಗ್ ವಿಭಾಗದ ಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು. ಬಾಯಾರನ್ನು ನೋಡಿ ಅವಳ ಕಣ್ಣು ತುಂಬಿತು. ಆದರೆ ಕೈ ಅಡ್ಡ ಹಿಡಿದಳು. ಮಾಲೆಯ ಕಡೆ ತೋರಿಸಿದಳು, ಒಳಗಿನ ಯಂತ್ರಗಳ ಕಡೆ ತೋರಿಸಿದಳು, ಬೆರಳುಗಳಿಂದ ಎಸಳು ಉದುರುವುದನ್ನು ತೋರಿಸಿದಳು. ತಂತಿ ಸುತ್ತುವಲ್ಲಿ ಒಂದು ಎಸಳು ಸಿಕ್ಕಿದರೂ ಮೋಟಾರು ಕೆಡುತ್ತದೆ. ಒಳಗೆ ಹೂವು ಬೇಡ.

ಮ್ಯಾನೇಜರಿಗೆ ಸಂಕೋಚವಾಯಿತು. "ಇರ್ಲಿ ಬಿಡವ್ವಾ, ಇವತ್ತೊಂದಿನ" ಎಂದು ಕೈಯಾಡಿಸಿದರು.

ಕಸ್ತೂರಿ ತಲೆ ಅಲ್ಲಾಡಿಸಿದಳು. ಸರಿಯಲಿಲ್ಲ.

ಬಾಯಾರು ಮಾಲೆ ತೆಗೆದು ಬಾಗಿಲಿನ ಚಿಲಕಕ್ಕೆ ತೂಗುಹಾಕಿದರು. ಸೀರೆಗೆ ಅಂಟಿದ್ದ ಎಸಳುಗಳನ್ನು ಒಂದೊಂದಾಗಿ ಕೊಡವಿಕೊಂಡು, ಎರಡೂ ಕೈ ಚಾಚಿ ತೋರಿಸಿದರು. ಕಸ್ತೂರಿ ಸುತ್ತ ಬಂದು ಬೆನ್ನ ಮೇಲಿದ್ದ ಇನ್ನೊಂದು ಎಸಳನ್ನು ತೆಗೆದು, ಆಮೇಲೆ ದಾರಿ ಬಿಟ್ಟಳು.

ಬಾಯಾರು ಒಳಗೆ ಹೋಗುವ ಮೊದಲು ನನ್ನ ಕಡೆ ತಿರುಗಿದರು. ಅಷ್ಟು ವರ್ಷಗಳಲ್ಲಿ ಅವರ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಕಂಡಿರಲಿಲ್ಲ.

"ನೋಡಿದ್ರಿಲ್ಲ ಸಿಸ್ಟರ?" ಎಂದರು. "ಮುಂಜಾನಿಂದ ಎಲ್ಲಾರೂ ನನಗ ಹೂಂ ಅಂದ್ರು. ಇಕಿ ಒಬ್ಬಾಕಿ ಒಲ್ಲೆ ಅಂದ್ಲು."